ದುಡಿಯುವ ಗಾಡಿಗೂ ಒಂದು ಭಾನುವಾರ

ಕಳೆದ ಜೂನ್ ತಿಂಗಳ ಎರಡನೇ ವಾರ. ಗುಡ್ಡೇಕೇರಿ ಹತ್ತಿರ ಬೇಲಿ ದಾಟಿ ಒಂದು ಕರು ರಸ್ತೆಗೆ ಹಾರಿತು. ಮುಂದಿನ ಬ್ರೇಕ್ ಹಿಡಿದೆ. ಗಾಡಿಯ ಮೂತಿ ಒಮ್ಮೆಲೇ ಕುಸಿದು, ಬುಡದಲ್ಲಿ ಠಕ್ ಅಂತ ಹೊಡೆಯಿತು. ಆದರೆ ಬ್ರೇಕ್ ಸರಿಯಾಗಿ ಹಿಡಿಯಲಿಲ್ಲ. ಹಿಂದಿನ ಬ್ರೇಕ್ ತುಳಿದೆ. ಚಕ್ರ ಒದ್ದೆ ರಸ್ತೆಯಲ್ಲಿ ಜಾರಿತು. ಕರುವಿನ ಬಾಲಕ್ಕೂ ನನ್ನ ಚಕ್ರಕ್ಕೂ ಒಂದು ಗೇಣು ಇದ್ದಾಗ ಗಾಡಿ ನಿಂತಿತು. ಕರು ನನ್ನ ಕಡೆ ಒಮ್ಮೆ ನೋಡಿ ಆ ಬದಿಯ ಗದ್ದೆಗೆ ಇಳಿದು ಹೋಯಿತು. ನನ್ನ ಕಾಲು ಮಾತ್ರ ತುಂಬಾ ಹೊತ್ತು ನಡುಗುತ್ತಿತ್ತು.

ಗಾಡಿಯಿಂದ ಇಳಿದು ಬಗ್ಗಿ ನೋಡಿದೆ. ಮುಂದಿನ ಫೋರ್ಕ್‌ನ (ಚಕ್ರವನ್ನು ಎರಡು ಬದಿಯಿಂದ ಹಿಡಿದಿರುವ ಕಾಲುಗಳು) ಹೊಳೆಯುವ ರಾಡ್ ಮೇಲೆ ಎಣ್ಣೆಯ ಉಂಗುರ ಇತ್ತು. ಅದರ ಕೆಳಗೆ ಮಣ್ಣು ಕಲಸಿದ ಕಪ್ಪು ಗೆರೆ ಬ್ರೇಕ್ ಡ್ರಮ್ಮಿನ ತನಕ ಇಳಿದಿತ್ತು. ಆ ಗೆರೆಯನ್ನು ನಾನು ಮೊದಲು ನೋಡಿರಲಿಲ್ಲ ಅಂತಲ್ಲ. ಬೇಸಿಗೆಯಿಂದಲೇ ಇತ್ತು. ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿ ಹೊರಡುತ್ತಿದ್ದೆ.

ನಾನು ತೀರ್ಥಹಳ್ಳಿ ಕಡೆಯವನು. ಒಂದು ಸಹಕಾರ ಸಂಘಕ್ಕೆ ಪಿಗ್ಮಿ ಕಟ್ಟಿಸಿಕೊಳ್ಳುವುದು ನನ್ನ ಕೆಲಸ. ಅಂಗಡಿ, ಹೋಟೆಲ್, ಕ್ಷೌರದಂಗಡಿ, ಗ್ಯಾರೇಜು, ಮೀನಿನ ಗಾಡಿ, ಹೀಗೆ ದಿನಕ್ಕೆ ಎಪ್ಪತ್ತು ಎಂಬತ್ತು ಕಡೆ ನಿಲ್ಲಬೇಕು. ಪಿಗ್ಮಿ ಹುಟ್ಟಿದ್ದೇ ನಮ್ಮ ಘಟ್ಟದ ಕೆಳಗೆ, ಉಡುಪಿಯಲ್ಲಿ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಮನೆಬಾಗಿಲಿಗೆ ಹೋಗುವ ಕೆಲಸ ಇವತ್ತಿಗೂ ಹಾಗೇ ಇದೆ. ಚೀಲದಲ್ಲಿ ರಸೀದಿ ಪುಸ್ತಕದ ಬದಲು ಸಣ್ಣ ಮೆಷಿನ್ ಬಂದಿದೆ ಅಷ್ಟೆ. ಹೋಗದಿದ್ದರೆ ಆ ದಿನದ ದುಡ್ಡು ಬರುವುದಿಲ್ಲ, ನನ್ನ ಕಮಿಷನ್ನೂ ಬರುವುದಿಲ್ಲ. ಹಾಗಾಗಿ ಮಳೆ ಬಂದರೂ ಗಾಡಿ ಹೊರಡಲೇಬೇಕು.

ಗಾಡಿ 2009ರ ಸ್ಪ್ಲೆಂಡರ್ ಪ್ಲಸ್. ಟ್ಯಾಂಕಿನ ಮೇಲೆ ಇನ್ನೂ ಹೀರೋ ಹೋಂಡಾ ಅಂತಲೇ ಇದೆ. ದಿನಕ್ಕೆ ಸುಮಾರು 45 ಕಿಲೋಮೀಟರ್, ತಿಂಗಳಿಗೆ 26 ದಿನ. ಲೆಕ್ಕ ಹಾಕಿದರೆ ವರ್ಷಕ್ಕೆ 14 ಸಾವಿರ ಕಿಲೋಮೀಟರ್ ಆಗುತ್ತದೆ. ಮೀಟರಿನಲ್ಲಿರುವುದು ಐದೇ ಅಂಕಿ. ಅದು ಒಂದು ಸಲ ಪೂರ್ತಿ ಸುತ್ತಿ ಸೊನ್ನೆಗೆ ಬಂದು, ಮತ್ತೆ ಮುಂದೆ ಹೋಗಿದೆ.

ನನ್ನ ಹತ್ತಿರ ಇನ್ನೊಂದು ಗಾಡಿ ಇದೆ. 1986ರ ಯೆಜ್ಡಿ ರೋಡ್‌ಕಿಂಗ್. ಅಮ್ಮನ ತಮ್ಮ, ನನ್ನ ಸೋದರಮಾವನದು. ಮಂಡಿನೋವು ಬಂದು ಕಿಕ್ ಹೊಡೆಯುವುದು ಕಷ್ಟವಾದಾಗ, "ಮಾರಬೇಡ, ಓಡಿಸ್ತಾ ಇರು" ಅಂತ ಹೇಳಿ ಕೀ ಕೊಟ್ಟರು. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಆಗಿದ್ದು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಫ್ಯಾಕ್ಟರಿ ಅದು. ನಮ್ಮದೇ ರಾಜ್ಯದಲ್ಲಿ ಹುಟ್ಟಿದ ಗಾಡಿ ಅನ್ನುವ ಪ್ರೀತಿ ನನಗೆ ಈಗಲೂ ಇದೆ. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಸ್ಟಾರ್ಟ್ ಆದ ಮೇಲೆ ಅದನ್ನು ಮುಂದಕ್ಕೆ ಮಡಚಿದರೆ ಗೇರ್. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಲೀಟರಿಗೆ 25 ಕಿಲೋಮೀಟರ್ ಕೊಟ್ಟರೆ ಆ ದಿನ ಒಳ್ಳೆಯ ದಿನ.

ಯೆಜ್ಡಿ ಹೊರಗೆ ಬರುವುದು ಭಾನುವಾರ ಮಾತ್ರ, ಅದೂ ಎಲ್ಲ ಭಾನುವಾರ ಅಲ್ಲ. ತುಂಗೆಯ ಕಮಾನು ಸೇತುವೆ ದಾಟಿ ಆಗುಂಬೆ ಕಡೆ ಹೋಗುತ್ತೇನೆ. ವಾರವಿಡೀ ಸ್ಪ್ಲೆಂಡರಿನಲ್ಲಿ ಓಡಾಡುವ ರಸ್ತೆಯೇ ಅದು. ಆದರೆ ಭಾನುವಾರ ಅದೇ ರಸ್ತೆ ಬೇರೆಯಾಗಿ ಕಾಣುತ್ತದೆ. ವಾರದ ದಿನ ನನಗೆ ಕಾಣುವುದು ಅಂಗಡಿಯ ಬಾಗಿಲು ತೆಗೆದಿದೆಯೋ ಇಲ್ಲವೋ ಅನ್ನುವುದು. ಭಾನುವಾರ ಕಾಣುವುದು ಕುಂದಾದ್ರಿಯ ತಲೆಯ ಮೇಲೆ ಮೋಡ ಕೂತಿದೆಯೋ ಇಲ್ಲವೋ ಅನ್ನುವುದು. ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಎರಡು ಗಂಟೆ ತೆಗೆದುಕೊಂಡರೂ ಯಾರೂ ಕೇಳುವವರಿಲ್ಲ. ಎಂಜಿನ್ ಶಬ್ದ ಕೇಳುತ್ತಾ, ಗೇರ್ ಬದಲಾಯಿಸುವಾಗ ಕೈಕಾಲು ಒಟ್ಟಿಗೆ ಹೊಂದುವುದನ್ನು ಗಮನಿಸುತ್ತಾ ಹೋಗುತ್ತೇನೆ. ಅದು ನಿಜವಾದ ಸುಖ. ಅದನ್ನು ಸುಮ್ನೆ ಶೋಕಿ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆದರೆ ಆ ಕರುವಿನ ದಿನ ರಾತ್ರಿ ನಿದ್ದೆ ಬರಲಿಲ್ಲ. ಮಲಗಿಕೊಂಡು ಲೆಕ್ಕ ಹಾಕಿದೆ. ಯೆಜ್ಡಿ ವರ್ಷಕ್ಕೆ ಓಡುವುದು ಆರುನೂರು ಕಿಲೋಮೀಟರ್ ಇರಬಹುದು. ಅದರ ಪ್ಲಗ್ ತೆಗೆದು ಉಜ್ಜುತ್ತೇನೆ, ಕಾರ್ಬೊರೇಟರ್ ತೊಳೆಯುತ್ತೇನೆ, ಕ್ರೋಮ್ ಮೇಲೆ ಒಂದು ಚುಕ್ಕೆ ತುಕ್ಕು ಕಂಡರೂ ಸಂಕಟಪಡುತ್ತೇನೆ. 14 ಸಾವಿರ ಕಿಲೋಮೀಟರ್ ಓಡುವ ಸ್ಪ್ಲೆಂಡರಿಗೆ ನಾನು ಮಾಡುತ್ತಿದ್ದುದು ಆಯಿಲ್ ಬದಲಿಸುವುದು, ಚೈನಿಗೆ ಎಣ್ಣೆ ಬಿಡುವುದು, ಅಷ್ಟೇ. ನನ್ನ ಹೆಂಡತಿ ಕೂತು ಬರುವುದು ಸ್ಪ್ಲೆಂಡರಿನಲ್ಲಿ. ಎಂಟನೇ ಕ್ಲಾಸಿನ ಮಗಳನ್ನು ಮಳೆಯಲ್ಲಿ ಶಾಲೆಗೆ ಬಿಡುವುದು ಅದರಲ್ಲಿ. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಆಸ್ಪತ್ರೆಗೆ ಅಮ್ಮ, ಎಲ್ಲ ಅದರಲ್ಲೇ. ಯಾವ ಗಾಡಿಯ ಬ್ರೇಕು, ಶಾಕ್ ಅಬ್ಸಾರ್ಬರ್ ಸರಿ ಇರಬೇಕಾಗಿತ್ತೋ ಅದನ್ನೇ ನಾನು ಬಿಟ್ಟಿದ್ದೆ.

ಇದು ನನ್ನೊಬ್ಬನ ಕಥೆ ಅಲ್ಲ ಅಂತ ಅನಿಸುತ್ತದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ದಿನಾ ಕೆಂಗೇರಿಯಿಂದ ಪೀಣ್ಯಕ್ಕೆ ಹಳೆಯ ಸ್ಕೂಟರಿನಲ್ಲಿ ಹೋಗುತ್ತಾನೆ. ಮನೆಯಲ್ಲಿ 350 ಸಿಸಿ ಬೈಕ್ ಇದೆ. ಅದಕ್ಕೆ ಕವರ್, ಪಾಲಿಶ್, ಹೊಸ ಲೈಟು. ಸ್ಕೂಟರಿನ ಹಿಂದಿನ ಶಾಕ್ ಸತ್ತು ಎರಡು ವರ್ಷ ಆಯಿತು, ಸೊಂಟ ಹಿಡಿದುಕೊಂಡು ಓಡಾಡುತ್ತಾನೆ. "ಅದು ಆಫೀಸಿಗೆ ತಾನೇ ಅಣ್ಣ" ಅನ್ನುತ್ತಾನೆ. ಆಫೀಸಿಗೆ ಹೋಗುವಾಗಲೂ ಬೆನ್ನು ಅದೇ ಅಲ್ವಾ?

ಹಿಂದಿನ ವರ್ಷ ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಇದೇ ಫೋರ್ಕಿಗೆ ಹೊಸ ಆಯಿಲ್ ಸೀಲ್, ಅಂದರೆ ಎಣ್ಣೆ ಹೊರಗೆ ಬಾರದ ಹಾಗೆ ತಡೆಯುವ ರಬ್ಬರ್ ಉಂಗುರ, ಹಾಕಿಸಿದ್ದೆ. ಎರಡು ತಿಂಗಳಿಗೇ ಮತ್ತೆ ಸೋರಲು ಶುರುವಾಗಿತ್ತು. ಹೋಗಿ ಹೇಳಿದರೆ, "ಮಲೆನಾಡಲ್ವಾ, ಮಳೆಗೆ ಹಾಗೇ" ಅಂದರು. ಈ ಸಲ ನನ್ನ ಪಿಗ್ಮಿ ಗ್ರಾಹಕರಲ್ಲಿ ಒಬ್ಬರಾದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. ಅವರು ಗಾಡಿ ಹತ್ತಿರ ಬಂದು, ಮಾತಾಡದೆ, ಉಗುರಿನ ತುದಿಯನ್ನು ರಾಡ್ ಮೇಲೆ ಮೇಲಿನಿಂದ ಕೆಳಕ್ಕೆ ಎಳೆದರು. ಒಂದು ಕಡೆ ಉಗುರು ಟಕ್ ಅಂತ ನಿಂತಿತು. "ಇಲ್ಲಿ ನೋಡಿ. ಸೀಲ್ ತಾನಾಗಿ ಹಾಳಾಗಲ್ಲ ಮಾರಾಯ್ರೆ. ರಾಡ್ ಅದನ್ನ ಹರಿತದೆ. ಇದನ್ನ ಹಾಗೇ ಬಿಟ್ಟು ನೂರು ಸೀಲ್ ಹಾಕಿದ್ರೂ ಅಷ್ಟೇ" ಅಂದರು. ನಾನೂ ಉಗುರು ಆಡಿಸಿ ನೋಡಿದೆ. ಸಾಸಿವೆಗಿಂತ ಸಣ್ಣ ತುಕ್ಕಿನ ಗುಳಿಗಳು. ಕಣ್ಣಿಗೆ ಬರೀ ಚುಕ್ಕೆಯಂತೆ ಕಾಣುತ್ತವೆ. ಆದರೆ ದಿನಕ್ಕೆ ಸಾವಿರಾರು ಸಲ ರಬ್ಬರಿನ ತೆಳು ತುಟಿ ಅದರ ಮೇಲೆ ಉಜ್ಜುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಕ್ರೋಮ್ ಎಷ್ಟು ದಿನ ತಡೆದೀತು?

ನಾನೇ ಮಾಡಲೇ ಅಂತ ಅವರನ್ನು ಕೇಳಿದೆ. "ಯೆಜ್ಡಿ ಎಂಜಿನ್ ಬಿಚ್ಚೋರು ನೀವು, ಇದೇನು ದೊಡ್ಡದು" ಅಂತ ಹೇಳಿ, ಉದ್ದ ಅಲೆನ್ ಕೀ ಒಂದನ್ನು ಕೊಟ್ಟು ಕಳಿಸಿದರು.

ಕೆಲಸಕ್ಕೆ ಇಳಿಯುವ ಮೊದಲು ಫೋರ್ಕ್ ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಸ್ಪ್ರಿಂಗ್ ಮಾತ್ರ ಇದ್ದರೆ ಗಾಡಿ ಕುಣಿಯುತ್ತಲೇ ಇರುತ್ತದೆ. ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಆ ಹೊಡೆತವನ್ನು ಒಳಗೆ ಇಟ್ಟುಕೊಂಡು, ಮರುಕ್ಷಣ ವಾಪಸು ಕೊಡುತ್ತದೆ. ಅದನ್ನು ತಡೆದು ನಿಧಾನ ಮಾಡುವುದು ಎಣ್ಣೆ. ಫೋರ್ಕ್ ಮೇಲೆ ಕೆಳಗೆ ಆಡುವಾಗ ಎಣ್ಣೆ ಸಣ್ಣ ಸಣ್ಣ ತೂತುಗಳ ಮೂಲಕ ನುಸುಳಬೇಕು. ನುಸುಳುವ ಕಷ್ಟದಲ್ಲೇ ಹೊಡೆತದ ಬಲ ಬಿಸಿಯಾಗಿ ಕಳೆದುಹೋಗುತ್ತದೆ. ಎಣ್ಣೆ ಕಡಿಮೆಯಾದರೆ, ಇಲ್ಲವೇ ನೀರಿನ ಹಾಗೆ ತೆಳುವಾದರೆ, ಚಕ್ರ ರಸ್ತೆಯನ್ನು ಬಿಟ್ಟು ಬಿಟ್ಟು ಹಾರುತ್ತದೆ. ರಸ್ತೆಗೆ ತಾಗದ ಚಕ್ರಕ್ಕೆ ಬ್ರೇಕ್ ಹಿಡಿದು ಏನು ಪ್ರಯೋಜನ? ಶಾಕ್ ಅಬ್ಸಾರ್ಬರ್ ಇರುವುದು ಕುಂಡೆಗೆ ಮೆತ್ತಗಿರಲಿ ಅಂತ ಮಾತ್ರ ಅಲ್ಲ. ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದೇ ಅದರ ದೊಡ್ಡ ಕೆಲಸ.

ಪರೀಕ್ಷೆ ಸುಲಭ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿ, ಬಿಡಿ. ಗಾಡಿ ಒಂದು ಸಲ ಎದ್ದು ಸುಮ್ಮನಾಗಬೇಕು. ನನ್ನದು ಮೂರು ಸಲ ಕುಣಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಮಳೆ ಜೋರಾಗಿತ್ತು. ಅಡಿಕೆ ಇಡುವ ಚಪ್ಪರದ ಮನೆಯಲ್ಲಿ ಗಾಡಿ ನಿಲ್ಲಿಸಿದೆ. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಹಲಸಿನ ಮರದ ತುಂಡು ಕೊಟ್ಟು, ಮೇಲಿನ ಜಂತಿಯಿಂದ ಹ್ಯಾಂಡಲಿಗೆ ಒಂದು ಹಗ್ಗ ಕಟ್ಟಿದೆ. ಮುಂದಿನ ಚಕ್ರ ಬಿಚ್ಚಿದಾಗ ಗಾಡಿ ಮುಂದಕ್ಕೆ ಮುಗ್ಗರಿಸಬಾರದು. ಮಗಳು ಟಾರ್ಚ್ ಹಿಡಿದು ಮಣೆ ಮೇಲೆ ಕೂತಳು. ಬಿಚ್ಚಿದ ಒಂದೊಂದು ನಟ್ಟು ವಾಷರನ್ನೂ ಹಳೆಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ನಂಬರ್ ಬರೆಯುವುದು ಅವಳ ಕೆಲಸ.

ಮೊದಲ ಪಾಠ ಮೊದಲೇ ಗೊತ್ತಿದ್ದುದು ನನ್ನ ಪುಣ್ಯ. ಫೋರ್ಕಿನ ಬುಡದಲ್ಲಿ ಒಂದು ಅಲೆನ್ ಬೋಲ್ಟ್ ಇರುತ್ತದೆ. ಅದು ಒಳಗಿನ ಡ್ಯಾಂಪರ್ ಪೈಪನ್ನು, ಅಂದರೆ ಎಣ್ಣೆ ನುಸುಳುವ ತೂತುಗಳಿರುವ ಪೈಪನ್ನು, ಹಿಡಿದುಕೊಂಡಿರುತ್ತದೆ. ಮೇಲಿನ ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ತೆಗೆದುಬಿಟ್ಟರೆ, ಆಮೇಲೆ ಕೆಳಗಿನದನ್ನು ತಿರುಗಿಸಿದಾಗ ಒಳಗಿನ ಪೈಪೂ ಜೊತೆಗೇ ಸುತ್ತುತ್ತದೆ, ಬೋಲ್ಟ್ ಬರುವುದೇ ಇಲ್ಲ. ಸ್ಪ್ರಿಂಗ್ ಒಳಗೆ ಇರುವಾಗಲೇ, ಅದು ಪೈಪನ್ನು ಒತ್ತಿ ಹಿಡಿದಿರುವಾಗಲೇ, ಕೆಳಗಿನ ಬೋಲ್ಟನ್ನು ಸಡಿಲ ಮಾಡಿಕೊಳ್ಳಬೇಕು. ನನ್ನದು ಎಡಗಡೆಯದು ಸುಲಭವಾಗಿ ಬಂತು. ಬಲಗಡೆಯದು ಬರಲಿಲ್ಲ. ಫೋರ್ಕನ್ನು ನೆಲಕ್ಕೆ ಅಡ್ಡ ಮಲಗಿಸಿ, ಮೇಲಿನ ತುದಿಯನ್ನು ಗೋಡೆಗೆ ಕೊಟ್ಟು ಒತ್ತಿ ಹಿಡಿದು, ಕೀ ಮೇಲೆ ಒಂದು ಪೈಪ್ ತುಂಡು ಸಿಕ್ಕಿಸಿ ಎಳೆದೆ. ಕ್ರಕ್ ಅಂತ ಬಿಟ್ಟಿತು. ಮಗಳು, "ಮುರೀತಾ ಅಪ್ಪಾ?" ಅಂದಳು. ಇಲ್ಲ, ಬಂತು.

ಮೇಲಿನ ಬೋಲ್ಟ್ ಬಿಚ್ಚುವಾಗ ಮುಖ ದೂರ ಇಟ್ಟುಕೊಳ್ಳಿ. ಕೆಳಗೆ ಸ್ಪ್ರಿಂಗ್ ಒತ್ತಡದಲ್ಲಿರುತ್ತದೆ. ಕೊನೆಯ ಎರಡು ಸುತ್ತು ಕೈಯಲ್ಲಿ ಬಟ್ಟೆ ಹಿಡಿದು, ಕೆಳಕ್ಕೆ ಒತ್ತುತ್ತಲೇ ಬಿಚ್ಚಬೇಕು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಎಣ್ಣೆಯನ್ನು ಬೇರೆ ಬೇರೆ ಬಾಟಲಿಗೆ ಸುರಿದೆವು. ಬಲಗಡೆಯಿಂದ ಬಂದದ್ದು ಬೂದು ಬಣ್ಣ, ಹಾಲು ಸೇರಿಸಿದ ಚಹಾದ ಹಾಗೆ. ನೀರು ಸೇರಿತ್ತು. ಎಡಗಡೆಯದರಲ್ಲಿ ಅರ್ಧದಷ್ಟೂ ಇರಲಿಲ್ಲ, ಕಪ್ಪಾಗಿ ಹಳಸು ಮೀನಿನ ವಾಸನೆ ಹೊಡೆಯುತ್ತಿತ್ತು. ತಳದಲ್ಲಿ ಬೆರಳಿಗೆ ಹೊಳೆಯುವ ಪುಡಿ ಹತ್ತಿತು. ಅದು ಲೋಹದ ಪುಡಿ. ಒಂದು ಕಾಲಿನಲ್ಲಿ ನೀರು, ಇನ್ನೊಂದು ಕಾಲು ಖಾಲಿ, ಹೀಗೆ ಆ ಗಾಡಿ ನನ್ನನ್ನೂ ಮಗಳನ್ನೂ ಹೊತ್ತುಕೊಂಡು ಅಷ್ಟು ದಿನ ಓಡಾಡಿತ್ತು. ಆ ಎರಡು ಬಾಟಲಿ ನೋಡಿ ನನಗೆ ನಿಜವಾಗಿ ಬೇಜಾರಾಯಿತು. ಮಾತಾಡಲಿಲ್ಲ, ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಳೆಯ ಸೀಲ್ ತೆಗೆಯುವುದಕ್ಕೆ ಮೊದಲು ಮೇಲಿನ ಧೂಳಿನ ಮುಚ್ಚಳ, ಅದರ ಕೆಳಗೆ ತಂತಿಯ ಲಾಕ್ ರಿಂಗ್ ತೆಗೆಯಬೇಕು. ರಿಂಗು ತುಕ್ಕು ಹಿಡಿದು ತಾನು ಕೂರುವ ತೋಡಿನಲ್ಲೇ ಬೇರು ಬಿಟ್ಟ ಹಾಗಿತ್ತು. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸುವಾಗ ಕೆಳಗಿನ ಅಲ್ಯೂಮಿನಿಯಂ ಬಾಯಿಗೆ ಗೀರು ಬೀಳದ ಹಾಗೆ ಅಡಿಯಲ್ಲಿ ಬಟ್ಟೆಯ ಮಡಿಕೆ ಇಟ್ಟುಕೊಂಡೆ. ಅಲ್ಲಿ ಗೀರು ಬಿದ್ದರೆ ಹೊಸ ಸೀಲಿನ ಹೊರಗಡೆಯಿಂದಲೇ ಎಣ್ಣೆ ಸೋರುತ್ತದೆ.

ರಾಡ್‌ಗಳು ನೆಟ್ಟಗಿವೆಯೋ ಇಲ್ಲವೋ ನೋಡಬೇಕಿತ್ತು. ಮನೆಯಲ್ಲಿ ಸಮತಟ್ಟಾದ ಜಾಗ ಅಂದರೆ ಅಡುಗೆಮನೆಯ ಗ್ರಾನೈಟ್ ಕಟ್ಟೆ ಒಂದೇ. ಹೆಂಡತಿ ಒಂದು ಕ್ಷಣ ನನ್ನ ಕೈ ನೋಡಿದಳು, ರಾಡ್ ನೋಡಿದಳು. "ಸೋಪು ಹಾಕಿ ತೊಳ್ಕೊಂಡು ಬನ್ನಿ, ಅದನ್ನೂ" ಅಂದಳು. ತೊಳೆದು ತಂದು, ಕಟ್ಟೆಯ ಮೇಲೆ ಮೆಲ್ಲಗೆ ಉರುಳಿಸಿದೆವು. ಒಂದು ಬದಿಯಿಂದ ಬಗ್ಗಿ ಅವಳು ನೋಡಿದಳು, ಇನ್ನೊಂದು ಬದಿಯಿಂದ ನಾನು. ರಾಡಿಗೂ ಕಲ್ಲಿಗೂ ಮಧ್ಯೆ ಬೆಳಕಿನ ಗೆರೆ ಎದ್ದು ಬಿದ್ದು ಮಾಡಿದರೆ ಬೆಂಡ್ ಇದೆ ಅಂತ. ಎರಡೂ ನೆಟ್ಟಗಿದ್ದವು.

ಬಲಗಡೆಯ ರಾಡಿನ ಗುಳಿಗಳು ಆಳವಾಗಿದ್ದವು, ಸೀಲ್ ಓಡಾಡುವ ಜಾಗದಲ್ಲೇ ಇದ್ದವು. ಅದನ್ನು ಉಳಿಸುವ ಆಸೆ ಬಿಟ್ಟು ಹೊಸದು ತಂದೆ. ಎಡಗಡೆಯದು ಪರವಾಗಿಲ್ಲ ಅನಿಸಿತು. 1500 ನಂಬರಿನ ಎಮರಿ ಪೇಪರಿಗೆ ಎಣ್ಣೆ ಹಚ್ಚಿ, ಗುಳಿಯ ಸುತ್ತ ಎದ್ದಿದ್ದ ಅಂಚುಗಳನ್ನು ಮಾತ್ರ ಉಜ್ಜಿದೆ. ಉಜ್ಜುವುದು ಸುತ್ತಲೂ, ಅಡ್ಡಡ್ಡಕ್ಕೆ. ಉದ್ದಕ್ಕೆ ಉಜ್ಜಿದರೆ ಬೀಳುವ ಗೀರೇ ಎಣ್ಣೆಗೆ ಕಾಲುವೆ ಆಗುತ್ತದೆ. ಅರ್ಧ ಗಂಟೆ ಉಜ್ಜಿ, ಒರೆಸಿ, ಉಗುರು ಎಳೆದು ನೋಡುವುದು, ಮತ್ತೆ ಉಜ್ಜುವುದು. ಕೊನೆಗೆ ಉಗುರು ಎಲ್ಲೂ ನಿಲ್ಲದೆ ಜಾರಿತು. ಮಗಳಿಗೂ ಉಗುರು ಎಳೆಯಲು ಹೇಳಿದೆ. ಅವಳ ಉಗುರು ನನಗಿಂತ ಚೂಪು. ಅವಳು ಕಣ್ಣು ಮುಚ್ಚಿ ಎರಡು ಸಲ ಎಳೆದು, "ನುಣ್ಣಗಿದೆ" ಅಂದ ಮೇಲೇ ಒಪ್ಪಿಕೊಂಡೆ.

ಹೊಸ ಸೀಲನ್ನು ಕೂರಿಸುವುದಕ್ಕೆ ವರ್ಕ್‌ಶಾಪಿನವರ ಹತ್ತಿರ ಬೇರೆಯೇ ಟೂಲ್ ಇರುತ್ತದೆ. ನಾನು ತೋಟದ ನೀರಿನ ಲೈನಿನಿಂದ ಉಳಿದಿದ್ದ ಒಂದು ಪಿವಿಸಿ ಪೈಪ್ ತುಂಡು ತಂದೆ. ಅದು ರಾಡ್ ಮೇಲೆ ಸರಿಯಾಗಿ ಇಳಿಯುತ್ತದೆ. ಪೈಪಿನ ಬಾಯಿಯನ್ನು ಮೊದಲು ಎಮರಿಯಲ್ಲಿ ಉಜ್ಜಿ ಸಮ ಮಾಡಿದೆ. ರಾಡಿನ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲಿಂದ ಸೀಲನ್ನು ಎಣ್ಣೆ ಹಚ್ಚಿ ಇಳಿಸಿದೆ, ಇಲ್ಲದಿದ್ದರೆ ರಾಡಿನ ಚೂಪು ಅಂಚಿಗೆ ತುಟಿ ಹರಿಯುತ್ತದೆ. ನಂಬರ್ ಬರೆದ ಮುಖ ಮೇಲಕ್ಕೆ. ಹಳೆಯ ಸೀಲನ್ನೇ ಹೊಸದರ ಮೇಲಿಟ್ಟು, ಅದರ ಮೇಲೆ ಪೈಪ್ ಇಟ್ಟು, ಸುತ್ತಲೂ ಸಮನಾಗಿ ತಟ್ಟುತ್ತಾ ಹೋದೆ. ಮೊದಲು ಶಬ್ದ ಮೆತ್ತಗೆ, ಡೊಬ್ ಡೊಬ್ ಅಂತ ಬರುತ್ತದೆ. ಸೀಲ್ ತಳ ಮುಟ್ಟಿದ ಕೂಡಲೇ ಶಬ್ದ ಬದಲಾಗಿ ಟಣ್ ಅನ್ನುತ್ತದೆ. ಲಾಕ್ ರಿಂಗ್ ಕೂರುವ ತೋಡು ಪೂರ್ತಿ ಕಾಣಿಸಿತು ಅಂದರೆ ಕೂತಿದೆ ಅಂತ ಅರ್ಥ.

ಬುಡದ ತಾಮ್ರದ ವಾಷರ್ ಹೊಸದೇ ಹಾಕಬೇಕು. ಹತ್ತು ರೂಪಾಯಿ ಉಳಿಸಲು ಹೋದರೆ ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ.

ಎಣ್ಣೆಯ ವಿಷಯದಲ್ಲಿ ನಾನು ತುಂಬ ಹುಷಾರಾಗಿದ್ದೆ. ಕಂಪನಿಯ ಫೋರ್ಕ್ ಆಯಿಲ್ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಎಂಜಿನ್ ಆಯಿಲ್ ಉಳಿದಿದೆ ಅಂತ ಅದನ್ನೇ ಸುರಿಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅಳೆಯಲು ದನದ ಔಷಧಿಗೆ ಇಟ್ಟಿದ್ದ ಹೊಸ 50 ಮಿಲಿಯ ಸಿರಿಂಜ್ ಇತ್ತು. ಮಗಳು ಸಿರಿಂಜ್ ಎಳೆದಳು, ನಾನು ಹಿಡಿದೆ. ಹಾಕಿದ ಮೇಲೆ ರಾಡನ್ನು ನಿಧಾನಕ್ಕೆ ಮೇಲೆ ಕೆಳಗೆ ಆಡಿಸಬೇಕು. ಒಳಗಿನ ಗಾಳಿ ಗುಳುಗುಳು ಅಂತ ಮೇಲೆ ಬರುತ್ತದೆ. ಗಾಳಿ ನಿಂತ ಮೇಲೆ, ಸ್ಪ್ರಿಂಗ್ ಇಲ್ಲದೆ ರಾಡನ್ನು ಪೂರ್ತಿ ಕೆಳಗಿಳಿಸಿ, ಎಣ್ಣೆ ಎಲ್ಲಿಯವರೆಗೆ ಬಂದಿದೆ ನೋಡಬೇಕು. ಹಳೆಯ ಸೈಕಲ್ಲಿನ ಒಂದು ಕಡ್ಡಿಯನ್ನು ಅದ್ದಿ, ತೆಗೆದು, ಎರಡೂ ಕಾಲಿನ ಮಟ್ಟವನ್ನು ಪಕ್ಕಪಕ್ಕಕ್ಕೆ ಹೋಲಿಸಿದೆವು. ಒಂದು ನೂಲಿನಷ್ಟು ವ್ಯತ್ಯಾಸ ಇತ್ತು. ಇನ್ನೆರಡು ಹನಿ. ಸಮ ಆಯಿತು. ಎರಡು ಕಾಲೂ ಒಂದೇ ಸಮ ಇರುವುದು ಎಲ್ಲಕ್ಕಿಂತ ಮುಖ್ಯ.

ಬ್ರೇಕ್ ಡ್ರಮ್ ಬಿಚ್ಚಿದಾಗ ಕರುವಿನ ದಿನದ ಕಾರಣ ಕಣ್ಣೆದುರೇ ಕಂಡಿತು. ಬ್ರೇಕ್ ಶೂ ಮೇಲಿನ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪದರ, ಎಣ್ಣೆ ಕುಡಿದು ಕಪ್ಪಾಗಿ ಹೊಳೆಯುತ್ತಿತ್ತು. ಪೆಟ್ರೋಲಿನಲ್ಲಿ ತೊಳೆದು ಹಾಕಿದರೆ ಆದೀತು ಅನ್ನುತ್ತಾರೆ. ಒಳಗೆ ಇಂಗಿದ ಎಣ್ಣೆ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಹೊಸ ಶೂ ಹಾಕಿದೆ. ಡ್ರಮ್ಮಿನ ಧೂಳನ್ನು ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಚಕ್ರ ವಾಪಸು ಹಾಕುವಾಗ ಒಂದು ವಿಷಯವನ್ನು ಎರಡು ಸಲ ನೋಡಬೇಕು. ಬ್ರೇಕ್ ಪ್ಲೇಟಿನಲ್ಲಿ ಒಂದು ಕಚ್ಚು ಇರುತ್ತದೆ, ಫೋರ್ಕಿನ ಒಳಬದಿಯಲ್ಲಿ ಒಂದು ಗುಬುಟು. ಗುಬುಟು ಕಚ್ಚಿನ ಒಳಗೆ ಕೂರಲೇಬೇಕು. ಕೂರದಿದ್ದರೆ ಬ್ರೇಕ್ ಹಿಡಿದ ಕೂಡಲೇ ಪ್ಲೇಟೇ ಚಕ್ರದ ಜೊತೆ ಸುತ್ತಿ, ಕೇಬಲ್ ಹರಿದು, ಚಕ್ರ ಸಿಕ್ಕಿಕೊಳ್ಳುತ್ತದೆ. ನಾನು ನೋಡಿದೆ, ಮಗಳ ಕೈಯಲ್ಲಿ ಟಾರ್ಚ್ ಹಿಡಿಸಿ ಅವಳಿಗೂ ತೋರಿಸಿದೆ. ಆಮೇಲೆ ಆಕ್ಸಲ್ ಬಿಗಿ ಮಾಡಿ, ಫೋರ್ಕನ್ನು ಹತ್ತು ಸಲ ಒತ್ತಿ ಆಡಿಸಿ, ಕೊನೆಗೆ ಫೋರ್ಕನ್ನು ಹಿಡಿದಿರುವ ಕ್ಲ್ಯಾಂಪಿನ ಬೋಲ್ಟುಗಳನ್ನು ಬಿಗಿ ಮಾಡಿದೆ. ಹಾಗೆ ಮಾಡಿದರೆ ಎರಡು ಕಾಲೂ ತಾವೇ ಒಂದಕ್ಕೊಂದು ಹೊಂದಿಕೊಂಡು ನಿಲ್ಲುತ್ತವೆ. ರಾಡಿನ ಮೇಲೆ ಮಡಿಕೆ ಮಡಿಕೆಯ ರಬ್ಬರ್ ಬೂಟನ್ನೂ ಹಾಕಿದೆ. ನೋಡಲು ಹಳೆಯ ಕಾಲದ್ದು ಅನಿಸುತ್ತದೆ. ಆದರೆ ಕೆಸರು, ಮರಳು ಕ್ರೋಮಿಗೆ ತಾಗುವುದಿಲ್ಲ. ನಮ್ಮ ಕಡೆಯ ಎಲ್ಲ ಗಾಡಿಗೂ ಇದು ಇರಬೇಕು ಅಂತ ನನ್ನ ಅಭಿಪ್ರಾಯ.

ಹಿಂದಿನ ಶಾಕ್‌ಗಳನ್ನು ನಾನು ಬಿಚ್ಚಲಿಲ್ಲ. ಅವು ಸೀಲ್ ಮಾಡಿ ಬಂದಿರುತ್ತವೆ, ಕೆಟ್ಟರೆ ಜೋಡಿಯಾಗಿ ಬದಲಾಯಿಸಬೇಕು. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ನ ಬುಶ್ ಕೂಡ ನಾನು ಮುಟ್ಟಲಿಲ್ಲ, ಒತ್ತಿ ಕೂರಿಸಲು ಪ್ರೆಸ್ ಬೇಕು, ಅದಕ್ಕೆ ಅದೇ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಹ್ಯಾಂಡಲ್ ತಿರುಗುವ ಬೇರಿಂಗನ್ನು, ಅಂದರೆ ಕೋನ್ ಸೆಟ್ಟನ್ನು ಮಾತ್ರ ಮನೆಯಲ್ಲೇ ನೋಡಿಕೊಂಡೆ. ಮುಂದಿನ ಚಕ್ರ ನೆಲ ಬಿಟ್ಟಿರುವಾಗ ಹ್ಯಾಂಡಲನ್ನು ಒಂದು ಬೆರಳಲ್ಲಿ ತಿರುಗಿಸಿ. ನಡುಮಧ್ಯೆ ಕಚ್ಚಿದ ಹಾಗೆ ನಿಂತರೆ ಬಾಲ್ ಕೂರುವ ಜಾಗದಲ್ಲಿ ಗುಳಿ ಬಿದ್ದಿದೆ ಅಂತ. ನನ್ನದು ಇನ್ನೂ ಚೆನ್ನಾಗಿತ್ತು.

ಎಲ್ಲ ಸೇರಿ ಖರ್ಚು ಎರಡು ಸಾವಿರದೊಳಗೆ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ್ದು, ಮುಗಿದಾಗ ನಾಲ್ಕೂವರೆ. ಮಧ್ಯೆ ಊಟಕ್ಕೆ ಎದ್ದಿದ್ದು ಒಂದೇ ಸಲ. ಮಾಡುವವರು ಪೂರ್ತಿ ಒಂದು ದಿನ ಇಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ಆರಕ್ಕೆ ಹೊರಡಬೇಕು ಅಂತ ರಾತ್ರಿ ಶುರು ಮಾಡಬೇಡಿ.

ಸೋಮವಾರ ಬೆಳಿಗ್ಗೆ ಹೊರಟೆ. ಮನೆಯಿಂದ ರಸ್ತೆಗೆ ಸೇರುವಲ್ಲಿ ಒಂದು ಮೋರಿ ಇದೆ. ಅದರ ಮೇಲಿನ ಕಲ್ಲು ಎದ್ದುಕೊಂಡಿದೆ. ಅಲ್ಲಿ ನಾನು ಪ್ರತಿದಿನ ಹಲ್ಲು ಕಚ್ಚಿ ಹಿಡಿಯುತ್ತಿದ್ದೆ. ಅವತ್ತೂ ಕಚ್ಚಿದೆ. ಗಾಡಿ ಇಳಿಯಿತು, ಎದ್ದಿತು, ಸುಮ್ಮನಾಯಿತು. ಬೇರೆ ಏನೂ ಆಗಲಿಲ್ಲ. ಮೇಳಿಗೆಯ ಹಂಪ್ ಮೇಲೂ ಹಾಗೇ. ಮೊದಲ ಅಂಗಡಿಯಲ್ಲಿ ನಿಲ್ಲಿಸಿದಾಗ ನನ್ನ ಭುಜಗಳು ಕೆಳಗೆ ಇಳಿದಿದ್ದವು. ಎಷ್ಟು ವರ್ಷದಿಂದ ಅವನ್ನು ಮೇಲೆತ್ತಿಕೊಂಡೇ ಓಡಿಸುತ್ತಿದ್ದೆ ಅಂತ ಆಗ ಗೊತ್ತಾಯಿತು. ಮೇಗರವಳ್ಳಿ ಕಡೆ ತಿರುವಿನಲ್ಲಿ ರಸ್ತೆಯ ಒದ್ದೆ ಹ್ಯಾಂಡಲಿನಲ್ಲೇ ಗೊತ್ತಾಗುತ್ತಿತ್ತು. ಯೆಜ್ಡಿಯಲ್ಲಿ ಮಾತ್ರ ನಾನು ಕೇಳಿಸಿಕೊಳ್ಳುತ್ತಿದ್ದ ಮಾತು ಅದು. ಅವತ್ತು ಎರಡು ಗಿರಾಕಿಗಳ ಮಧ್ಯೆ, ದುಡ್ಡಿನ ಚೀಲ ಹೊಟ್ಟೆಗೆ ಕಟ್ಟಿಕೊಂಡು, ಸ್ಪ್ಲೆಂಡರಿನಲ್ಲೂ ಕೇಳಿಸಿತು.

ಆಗಸ್ಟಿನಲ್ಲಿ ಒಂದು ಭಾನುವಾರ ಯೆಜ್ಡಿ ತೆಗೆದುಕೊಂಡು ಆಗುಂಬೆಗೆ ಹೋದೆ. ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಬೆಂಗಳೂರು ನಂಬರಿನ ದೊಡ್ಡ ಬೈಕುಗಳು ನಿಂತಿದ್ದವು. ಒಬ್ಬ ಹುಡುಗ ಯೆಜ್ಡಿ ನೋಡಿ ಓಡಿಬಂದ. ನಾನು ಅವನ ಬೈಕಿನ ತಲೆಕೆಳಗಾದ ಫೋರ್ಕ್, ಅಂದರೆ ದಪ್ಪ ಕೊಳವೆ ಮೇಲೆ, ಹೊಳೆಯುವ ರಾಡ್ ಕೆಳಗೆ ಇರುವ ಫೋರ್ಕ್, ನೋಡುತ್ತಾ ನಿಂತೆ. ಅದರಲ್ಲಿ ಎಲ್ಲವನ್ನೂ ತಿರುಗಿಸಿ ಹೊಂದಿಸಬಹುದು. ಸವಾರ ಕೂತಾಗ ಸಸ್ಪೆನ್ಷನ್ ತನ್ನ ಪೂರ್ತಿ ಆಟದ ಸುಮಾರು ಮೂರರಲ್ಲಿ ಒಂದು ಭಾಗ ಕುಸಿಯಬೇಕು ಅಂತ ಅವನು ವಿವರಿಸಿದ. ಅದಕ್ಕಿಂತ ಕಡಿಮೆ ಕುಸಿದರೆ ಗಾಡಿ ಬಿರುಸು, ಜಾಸ್ತಿ ಕುಸಿದರೆ ಗುಂಡಿಗೆ ಉಳಿಯುವ ಜಾಗ ಇಲ್ಲ. ಒಳ್ಳೆಯ ಹುಡುಗ, ತಿಳಿದುಕೊಂಡು ಓಡಿಸುವವನು. "ಆಫೀಸಿಗೂ ಇದರಲ್ಲೇ ಹೋಗ್ತೀರಾ?" ಅಂತ ಕೇಳಿದೆ. "ಇಲ್ಲ ಸಾರ್, ಅದಕ್ಕೆ ಅಪ್ಪನ ಹಳೇ ಸ್ಕೂಟರ್ ಇದೆ" ಅಂದ. ಅದರ ಶಾಕ್ ಹೇಗಿದೆ ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. "ನೋಡಿಲ್ಲ ಸಾರ್. ಹೋದ ಕೂಡಲೇ ನೋಡ್ತೀನಿ" ಅಂದ. ಆಮೇಲೆ ಗುಂಪಿನ ಜೊತೆ ಸೋಮೇಶ್ವರದ ಕಡೆ, ಆ 14 ತಿರುವುಗಳ ಘಾಟಿ ಇಳಿದು ಹೋದ.

ಮಗಳು ಬ್ಯಾಟರಿ ಮುಚ್ಚಳದ ಒಳಗಡೆ ಒಂದು ಬಿಳಿ ಟೇಪ್ ಅಂಟಿಸಿ, ಸೀಲ್ ಹಾಕಿದ ತಾರೀಕು, ಎಣ್ಣೆಯ ಅಳತೆ, ಮೀಟರ್ ರೀಡಿಂಗ್ ಬರೆದಿದ್ದಾಳೆ. ಪ್ರತಿ ಭಾನುವಾರ ಬೆಳಿಗ್ಗೆ ರಬ್ಬರ್ ಬೂಟನ್ನು ಮೇಲಕ್ಕೆ ಸರಿಸಿ, ಎರಡೂ ರಾಡ್ ಮೇಲೆ ಬೆರಳು ಆಡಿಸಿ ನೋಡುತ್ತೇನೆ. ಯೆಜ್ಡಿಯ ಕವರ್ ತೆಗೆಯುವುದು ಅದಾದ ಮೇಲೆ. ನಿನ್ನೆಯೂ ನೋಡಿದೆ. ಬೆರಳಿಗೆ ಎಣ್ಣೆ ಹತ್ತಲಿಲ್ಲ.